ಗಾಜಿನ ತೊಟ್ಟಿಯ ಕಪ್ಪೆಯೂ ಅಹಿಂಸಾಣುವ್ರತವೂ



ಅಹಿಂಸಾಣುವ್ರತವನ್ನು ಸ್ವೀಕರಿಸಿದ ಗೃಹಸ್ಥನು ತ್ರಸಜೀವಗಳ ಸಂಕಲ್ಪಹಿಂಸೆಯನ್ನು ತ್ಯಜಿಸಬೇಕೆಂಬುದು ನಮ್ಮ ಮನೆಗಳಲ್ಲಿ ಮಕ್ಕಳಿಗೂ ತಿಳಿದ ಮಾತು. ಆದರೆ ಆ ವ್ರತಕ್ಕೆ ಐದು ಅತಿಚಾರಗಳುಂಟೆಂಬುದನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ. ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ ಎಂದು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಉಮಾಸ್ವಾಮಿ ಆಚಾರ್ಯರು ಅವುಗಳನ್ನು ಹೆಸರಿಸಿದ್ದಾರೆ. ಇಲ್ಲಿ ವಧವೆಂದರೆ ಹೊಡೆತ, ಪ್ರಾಣಹರಣವಲ್ಲ. ಅಂದರೆ ಕೊಲ್ಲದೆಯೂ ವ್ರತಕ್ಕೆ ಕಳಂಕ ತಗಲಬಹುದು. ಐದರಲ್ಲಿ ಮೊದಲನೆಯದೇ ಬಂಧ. ಒಂದು ಜೀವವನ್ನು ಅದು ಹೋಗಬಯಸುವ ಕಡೆಗೆ ಹೋಗಗೊಡದೆ ತಡೆದಿಡುವುದೇ ಬಂಧ.

ಈ ಮಾತನ್ನು ಈಗ ಎತ್ತಲು ಕಾರಣವಿದೆ. ಮದ್ದೂರು ತಾಲ್ಲೂಕಿನ ಸೋಮನಹಳ್ಳಿಯಂತಹ ಊರುಗಳಲ್ಲಿ ಮಳೆ ಹಿಡಿದೊಡನೆ ಗದ್ದೆ ಬಯಲು, ಕೆರೆಯಂಚು, ಹೊಂಡಗಳೆಲ್ಲ ಕಪ್ಪೆಗಳ ಕೂಗಿನಿಂದ ತುಂಬುತ್ತವೆ. ಮನೆಯಲ್ಲಿ ಬಣ್ಣದ ಮೀನುಗಳ ಗಾಜಿನ ತೊಟ್ಟಿಯಿದ್ದರೆ, ಮಕ್ಕಳು ಗದ್ದೆಯಿಂದ ಕಪ್ಪೆಯನ್ನೋ ಗೊದಮೊಟ್ಟೆಗಳನ್ನೋ ಹಿಡಿದು ತಂದು ಅದರೊಳಗೆ ಬಿಡುತ್ತಾರೆ. ಹಿರಿಯರು, “ಕೊಲ್ಲುತ್ತಿಲ್ಲವಲ್ಲ, ಸಾಕುತ್ತಿದ್ದಾರಲ್ಲ” ಎಂದು ಸುಮ್ಮನಾಗುತ್ತಾರೆ. ಇದೇ ಚಾತುರ್ಮಾಸದ ತಿಂಗಳುಗಳಲ್ಲಿ ನಮ್ಮ ಮುನಿಮಹಾರಾಜರು, ನೆಲದ ಮೇಲೆ ಹುಟ್ಟಿಬಂದ ಅಸಂಖ್ಯ ಜೀವಗಳಿಗೆ ತಮ್ಮ ಪಾದದಿಂದ ಬಾಧೆಯಾಗಬಾರದೆಂದು ವಿಹಾರವನ್ನೇ ನಿಲ್ಲಿಸಿ ಒಂದೆಡೆ ನೆಲೆಸಿರುತ್ತಾರೆ. ಗುರುಗಳು ಯಾವ ಜೀವಗಳಿಗಾಗಿ ನಡೆಯುವುದನ್ನು ಬಿಟ್ಟರೋ, ಆ ಜೀವಗಳನ್ನು ಶಿಷ್ಯರ ಮನೆಯ ಮಕ್ಕಳು ಬಲೆ ಹಿಡಿದು ಹುಡುಕಿ ತರುವುದು ಯುಕ್ತವೇ?

ಕಪ್ಪೆ ಪಂಚೇಂದ್ರಿಯ ಜೀವ. ಅದರ ಸ್ವಭಾವವನ್ನು ಸ್ವಲ್ಪ ತಿಳಿದರೆ ಈ ಸಾಕಣೆ ಎಂತಹುದೆಂಬುದು ತಾನಾಗಿ ಗೊತ್ತಾಗುತ್ತದೆ. ಗೊದಮೊಟ್ಟೆಗಳು ಹೆಚ್ಚಾಗಿ ಪಾಚಿಯನ್ನು ತಿಂದು ಬೆಳೆಯುತ್ತವೆ. ಆದುದರಿಂದ ಮೊದಲು ಯಾವ ದೋಷವೂ ಕಾಣುವುದಿಲ್ಲ. ಕಾಲು ಮೂಡಿ ಕಿವಿರು ಅಳಿದ ಮೇಲೆ ಅವು ಗಾಳಿಯನ್ನು ಉಸಿರಾಡಬೇಕು. ಹತ್ತಿ ಕುಳಿತುಕೊಳ್ಳಲು ಒಂದು ಕಲ್ಲೂ ಇಲ್ಲದೆ ಅಂಚಿನವರೆಗೆ ನೀರು ತುಂಬಿದ ತೊಟ್ಟಿಯಲ್ಲಿ ಅನೇಕವು ಮುಳುಗಿ ಸಾಯುತ್ತವೆ. ಬದುಕಿ ಉಳಿದ ಕಪ್ಪೆಯೋ ಮಾಂಸಾಹಾರಿ. ಸಾಮಾನ್ಯವಾಗಿ ಅದು ಚಲಿಸುವ ಬೇಟೆಯನ್ನೇ ಹಿಡಿಯುತ್ತದೆ. ಮೀನಿಗೆ ಹಾಕುವ ಒಣ ಕಾಳನ್ನು ಆಹಾರವೆಂದು ಗುರುತಿಸುವುದೇ ಅಪರೂಪ. ಬಾಯಿಗೆ ಹಿಡಿಸುವ ಮೀನು ಎದುರಾದರೆ ಅದನ್ನೂ ನುಂಗುತ್ತದೆ. ದೊಡ್ಡ ಮೀನುಗಳಿದ್ದರೆ ಅವು ಗೊದಮೊಟ್ಟೆಗಳನ್ನು ತಿನ್ನುತ್ತವೆ. ನೆಲಗಪ್ಪೆಯ ಚರ್ಮದ ಗ್ರಂಥಿಗಳಲ್ಲಿ ವಿಷರಸವಿದೆ. ಕಿರಿದಾದ ತೊಟ್ಟಿಯ ನೀರಿನಲ್ಲಿ ಅದು ಜೊತೆಗಿರುವ ಮೀನುಗಳಿಗೆ ಅಪಾಯಕರ. ಕಪ್ಪೆಯಾದರೋ ಚರ್ಮದಿಂದಲೂ ಉಸಿರಾಡುವ ಪ್ರಾಣಿಯಾದುದರಿಂದ ಕೊಳೆತ ನೀರಿನ ದೋಷವೆಲ್ಲ ಅದರ ಮೈಗೆ ನೇರವಾಗಿ ಸೇರುತ್ತದೆ.

ಈಗ ಅಷ್ಟಮಿಯ ದಿನವನ್ನು ನೆನೆಯಿರಿ. ಮನೆಯ ಗೃಹಿಣಿ ಉಪವಾಸವಿದ್ದಾಳೆ. ಯಜಮಾನನು ಏಕಾಶನ ಮಾಡಿದ್ದಾನೆ. ತೊಟ್ಟಿಯಲ್ಲಿ ಕಪ್ಪೆ ಹಸಿದು ಕುಳಿತಿದೆ. ಅದಕ್ಕೆ ಏನನ್ನು ಕೊಡುತ್ತೀರಿ? ಜೀವಂತ ಹುಳುವನ್ನೋ ಮಿಡತೆಯನ್ನೋ ಹಿಡಿದು ಹಾಕಿದರೆ, ವ್ರತದ ದಿನದಂದೇ ತ್ರಸಜೀವದ ಹಿಂಸೆಯನ್ನು ಕೃತ, ಕಾರಿತ, ಅನುಮೋದನೆಗಳೆಂಬ ಮೂರು ಬಗೆಯಿಂದಲೂ ಮಾಡಿದಂತಾಯಿತು. ಹಾಕದಿದ್ದರೆ ಅನ್ನಪಾನನಿರೋಧವೆಂಬ ಅತಿಚಾರ ಬಂದಿತು. ನಮ್ಮ ಉಪವಾಸ ನಾವು ಇಚ್ಛೆಯಿಂದ ಕೈಗೊಂಡ ತಪಸ್ಸು. ಕಪ್ಪೆಯ ಹಸಿವು ನಾವು ಅದರ ಮೇಲೆ ಹೇರಿದ ದಂಡನೆ. ಕೊಟ್ಟರೂ ದೋಷ, ಕೊಡದಿದ್ದರೂ ದೋಷ. ಹಿಡಿದು ತಂದ ದಿನವೇ ನಿರ್ದೋಷವಾದ ದಾರಿಯೊಂದೂ ಉಳಿಯದಂತೆ ನಾವು ಮಾಡಿಕೊಂಡೆವು. ಬೆಕ್ಕು ಮೊದಲಾದ ಹಿಂಸಕ ಪ್ರಾಣಿಗಳ ಸಾಕಣೆಯನ್ನು ನಮ್ಮ ಆಚಾರ್ಯರು ಅನರ್ಥದಂಡದಲ್ಲಿ ಎಣಿಸಿರುವುದರ ಅಭಿಪ್ರಾಯವೂ ಇದೇ. ಗದ್ದೆಯಲ್ಲಿ ಕಪ್ಪೆ ಹುಳುವನ್ನು ತಿಂದರೆ ಅದು ಆ ಜೀವಗಳ ಕರ್ಮೋದಯ. ನಮ್ಮ ತೊಟ್ಟಿಯಲ್ಲಿ ತಿಂದರೆ ಬಡಿಸಿದವರು ನಾವು.

“ಹೊರಗಿದ್ದರೆ ಹಾವು ನುಂಗೀತು, ಕೊಕ್ಕರೆ ಕುಕ್ಕೀತು, ನಾವು ಕಾಪಾಡುತ್ತಿದ್ದೇವೆ” ಎನ್ನುವವರುಂಟು. ಶಾಸ್ತ್ರ ಬಲ್ಲವರು ಒಂದು ಹೆಜ್ಜೆ ಮುಂದೆ ಹೋಗಿ, “ನಾಗದತ್ತ ಶ್ರೇಷ್ಠಿಯ ಪತ್ನಿಯೂ ಕಪ್ಪೆಯನ್ನು ಮನೆಯಲ್ಲಿ ಇರಿಸಿಕೊಂಡಿರಲಿಲ್ಲವೇ?” ಎಂದು ಕೇಳಿಯಾರು. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವು ಪೂಜೆಯ ಮಹಿಮೆಗೆ ರಾಜಗೃಹದ ಕಪ್ಪೆಯನ್ನೇ ಉದಾಹರಣೆಯಾಗಿ ಕೊಟ್ಟಿದೆ. ಪ್ರಭಾಚಂದ್ರರ ಟೀಕೆಯಲ್ಲಿ ಅದರ ಕಥೆಯಿದೆ. ನಾಗದತ್ತನು ಮಾಯಾಚಾರದ ಫಲವಾಗಿ ತನ್ನ ಮನೆಯಂಗಳದ ಬಾವಿಯಲ್ಲಿಯೇ ಕಪ್ಪೆಯಾಗಿ ಹುಟ್ಟಿದನು. ಪತ್ನಿ ಭವದತ್ತೆಯನ್ನು ಕಂಡು ಅದಕ್ಕೆ ಜಾತಿಸ್ಮರಣೆಯಾಯಿತು. ಅವಧಿಜ್ಞಾನಿಗಳಾದ ಮುನಿಗಳಿಂದ ವಿಷಯ ತಿಳಿದ ಆಕೆ ಅದನ್ನು ಗೌರವದಿಂದ ಇರಿಸಿಕೊಂಡಳು. ಮುಂದೆ ವರ್ಧಮಾನ ಸ್ವಾಮಿಯ ಆಗಮನವನ್ನು ಸಾರುವ ಭೇರಿ ಮೊಳಗಿದಾಗ, ಆ ಕಪ್ಪೆ ಬಾವಿಯ ಕಮಲವನ್ನು ಹಿಡಿದು ಪೂಜೆಗೆ ಹೊರಟಿತು. ದಾರಿಯಲ್ಲಿ ಶ್ರೇಣಿಕನ ಆನೆಯ ಕಾಲಡಿ ಸಿಕ್ಕಿ ಅಳಿದು, ಭಕ್ತಿಭಾವದ ಬಲದಿಂದ ಸ್ವರ್ಗದಲ್ಲಿ ದೇವನಾಯಿತು.

ಬಂಧುಗಳೇ, ಈ ಕಥೆಯಲ್ಲಿ ಒಂದು ಅಂಶವನ್ನು ಗಮನಿಸಬೇಕು. ಕಪ್ಪೆ ಹೊರಟಿತು. ಹೊರಡಲು ಅದಕ್ಕೆ ದಾರಿಯಿತ್ತು. ಭವದತ್ತೆ ಕೊಟ್ಟದ್ದು ಆಶ್ರಯ, ಬಂಧನವಲ್ಲ. ಅದನ್ನು ಗಾಜಿನ ನಾಲ್ಕು ಗೋಡೆಗಳ ನಡುವೆ ಮುಚ್ಚಿಟ್ಟಿದ್ದರೆ, ಭೇರಿಯನ್ನು ಕೇಳಿಯೂ ಅದು ಗಾಜಿಗೆ ಮೂತಿ ತಾಗಿಸಿ ಅಲ್ಲಿಯೇ ಉಳಿಯುತ್ತಿತ್ತು. ಯಾವ ಜೀವದ ಪುಣ್ಯೋದಯ ಯಾವ ಕ್ಷಣದಲ್ಲಿ ಒದಗುವುದೋ ಬಲ್ಲವರಾರು? ಆ ಕ್ಷಣದಲ್ಲಿ ಅದರ ದಾರಿಗೆ ನಾವು ಅಡ್ಡವಾಗಿರಬಾರದು.

ಲೌಕಿಕರಿಗೂ ಈ ವಿವೇಕ ಬಂದಿದೆ. ಕಪ್ಪೆಕಾಲುಗಳನ್ನು ಹೊರದೇಶಗಳಿಗೆ ಕಳಿಸುತ್ತಿದ್ದ ನಮ್ಮ ದೇಶ 1987ರಲ್ಲಿ ಆ ರಫ್ತನ್ನು ನಿಷೇಧಿಸಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಬೇಟೆ ಎಂಬ ಪದದಲ್ಲಿ ಜೀವಂತವಾಗಿ ಹಿಡಿಯುವುದನ್ನೂ ಸೇರಿಸಿದೆ.

ಈಗಾಗಲೇ ತಂದಿರುವವರು ಮಾಡಬೇಕಾದುದೇನು? ನಮ್ಮ ಹಿರಿಯರು ನೀರನ್ನು ಸೋಸಿದ ಮೇಲೆ, ಬಟ್ಟೆಯಲ್ಲಿ ಉಳಿದ ಜೀವಗಳನ್ನು ಆ ನೀರು ಬಂದ ಬಾವಿಗೇ ಮರಳಿಸುತ್ತಿದ್ದರು. ಬೇರೆ ನೀರಿಗೆ ಹಾಕುತ್ತಿರಲಿಲ್ಲ. ಅದೇ ವಿಧಿ ಇಲ್ಲಿಯೂ ಸಲ್ಲುತ್ತದೆ. ಇಂದೋ ನಿನ್ನೆಯೋ ತಂದು ಬೇರೆಯಾಗಿಯೇ ಇರಿಸಿದ್ದರೆ, ಸಂಜೆಯ ತಂಪಿನಲ್ಲಿ ಅದೇ ಗದ್ದೆಗೆ, ಅದೇ ಹೊಂಡಕ್ಕೆ ಬಿಡಿರಿ. ಅಂಗಡಿಯಿಂದ ತಂದ ಮೀನುಗಳ ಜೊತೆಗೆ ಇರಿಸಿದ್ದರೆ ಅವಸರದಿಂದ ಬಿಡಬೇಡಿರಿ. ಕಪ್ಪೆಗಳ ಚರ್ಮಕ್ಕೆ ಹತ್ತುವ ಮಾರಕ ಶಿಲೀಂಧ್ರರೋಗವೊಂದನ್ನು ವಿಜ್ಞಾನಿಗಳು 1990ರ ದಶಕದ ಕೊನೆಯಲ್ಲಿ ಗುರುತಿಸಿದರು. ಪ್ರಾಣಿಗಳ ಸಾಗಣೆ-ಮಾರಾಟದಿಂದ ಅದು ಲೋಕದ ಹಲವೆಡೆ ಹರಡಿ ಅನೇಕ ಜಾತಿಯ ಕಪ್ಪೆಗಳನ್ನು ಅಳಿಸಿದೆ. ಒಂದು ಕಪ್ಪೆಗೆ ದಯೆ ತೋರಿಸಹೋಗಿ ಕೆರೆಯ ಕಪ್ಪೆಗಳಿಗೆಲ್ಲ ರೋಗವನ್ನು ಒಯ್ಯಬಾರದು. ಅರಣ್ಯ ಇಲಾಖೆಯವರನ್ನು ಕೇಳಿ ನಡೆಯಿರಿ. ತೊಟ್ಟಿಯ ನೀರನ್ನು ಕೆರೆಗಾಗಲಿ ನಾಲೆಗಾಗಲಿ ಚೆಲ್ಲಬೇಡಿರಿ. ಅಂಗಡಿಯ ಮೀನುಗಳನ್ನೂ ಕೆರೆಗೆ ಬಿಡಬಾರದು. ಇರುವ ಮೀನುಗಳನ್ನು ಅವುಗಳ ಆಯುಷ್ಯವಿರುವವರೆಗೆ ಒಣ ಆಹಾರದಿಂದ ನೋಡಿಕೊಂಡು, ಹೊಸತನ್ನು ಕೊಳ್ಳದಿರುವುದೇ ಲೇಸು.

ಮಕ್ಕಳನ್ನು ಗದರಿಸಬೇಡಿರಿ. ಅವರ ಕುತೂಹಲ ದೋಷವಲ್ಲ. ಅದಕ್ಕೆ ದಾರಿ ತೋರದಿರುವುದು ದೋಷ. ಸಂಜೆ ಅವರನ್ನು ಕೆರೆಯ ದಂಡೆಗೆ ಕರೆದೊಯ್ದು, ಗೊದಮೊಟ್ಟೆಗೆ ಕಾಲು ಮೂಡುವುದನ್ನು ಅಲ್ಲಿಯೇ ತೋರಿಸಿರಿ. ಹಿಟ್ಟಿನ ಕೋಳಿಯನ್ನು ಬಲಿಗೊಟ್ಟ ಯಶೋಧರ ಮಹಾರಾಜನ ಜೀವ ಮುಂದೆ ಮೀನಾಗಿಯೂ ಹುಟ್ಟಿ ನೊಂದ ಕಥೆಯನ್ನು ಹೇಳಿರಿ. ಬರುವ ಜೀವದಯಾಷ್ಟಮಿಯಂದು ಮನೆಮಂದಿಯೆಲ್ಲ ಜಿನಬಿಂಬದ ಮುಂದೆ ನಿಂತು, ಸ್ವಚ್ಛಂದವಾಗಿ ಬಾಳುವ ಯಾವ ಜೀವವನ್ನೂ ವಿನೋದಕ್ಕಾಗಿ ಹಿಡಿದು ತರುವುದಿಲ್ಲವೆಂಬ ಒಂದು ಚಿಕ್ಕ ನಿಯಮವನ್ನು ಸ್ವೀಕರಿಸಿರಿ. ಆ ನಿಯಮವಿದ್ದ ಮನೆಯಲ್ಲಿ ಅಷ್ಟಮಿಯ ಉಪವಾಸವು ಉಪವಾಸವಾಗಿಯೇ ಉಳಿಯುತ್ತದೆ.

ಸರ್ವಜೀವಗಳಿಗೂ ಮಂಗಳವಾಗಲಿ. ಜೈ ಜಿನೇಂದ್ರ.