ದೀಕ್ಷೆ ಮತ್ತು ದಂಡನೆ

‘ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ’ ಎಂಬ ಗಾದೆಯನ್ನು ನಾವು ನಗುತ್ತಲೇ ಆಡುತ್ತೇವೆ. ಸರದಿ ಎಲ್ಲರಿಗೂ ಬರುತ್ತದೆ ಎಂಬುದು ಅದರ ಸಾಂತ್ವನ. ಆದರೆ ಆ ಸಾಂತ್ವನದೊಳಗೆ ಒಂದು ವಿಚಿತ್ರ ನ್ಯಾಯವೂ ಅಡಗಿದೆ. ಸೊಸೆಯಾಗಿ ನೊಂದವಳು ಮುಂದೆ ತಾನು ಅತ್ತೆಯಾದಾಗ ಲೆಕ್ಕ ಕೇಳುವುದು ತನ್ನನ್ನು ನೋಯಿಸಿದವಳನ್ನಲ್ಲ. ಹೊಸದಾಗಿ ಮನೆ ತುಂಬಿ ಬಂದ, ಏನೊಂದು ತಪ್ಪನ್ನೂ ಮಾಡದ ಹೆಣ್ಣನ್ನು. ಸಾಲ ಒಬ್ಬರದು, ವಸೂಲಿ ಇನ್ನೊಬ್ಬರಿಂದ. ಅನುಭವಿಸಿದ ನೋವು ನೋಯಿಸುವ ಹಕ್ಕನ್ನು ಕೊಡುತ್ತದೆಯೆ? ಈ ಪ್ರಶ್ನೆಯನ್ನು ಅದರ ಅತ್ಯಂತ ಬೆತ್ತಲೆಯಾದ ರೂಪದಲ್ಲಿ ಕಾಣಬೇಕಾದರೆ ನಾವು ಅಡುಗೆಮನೆಯನ್ನು ಬಿಟ್ಟು ಸೈನಿಕರ ಬ್ಯಾರಕ್ಕುಗಳನ್ನು ಹೊಗಬೇಕು.

ಸೋವಿಯತ್ ಸೈನ್ಯದಲ್ಲಿ ಬೆಳೆದು, ಬಳಿಕ ರಷ್ಯಾದ ಸೈನ್ಯಕ್ಕೂ ಬಳುವಳಿಯಾಗಿ ಬಂದ ಪದ್ಧತಿಯೊಂದಿದೆ. ಅದರ ಹೆಸರು ‘ದೆದೊವ್‌ಶ್ಚಿನಾ’. ಎಂದರೆ ಅಜ್ಜಂದಿರ ಆಳ್ವಿಕೆ. 1967ರ ಕಾನೂನು ಭೂಸೇನೆಯ ಕಡ್ಡಾಯ ಸೇವೆಯನ್ನು 2 ವರ್ಷಗಳಿಗೆ ಇಳಿಸಿತು. ವರ್ಷಕ್ಕೆ ಎರಡು ಸಲ ಭರ್ತಿ ನಡೆಯುತ್ತಿದ್ದುದರಿಂದ ಒಂದೇ ಸೂರಿನಡಿ ಆರಾರು ತಿಂಗಳ ಅಂತರದ ನಾಲ್ಕು ತಂಡಗಳು ಬಾಳತೊಡಗಿದವು. ಹೊಸದಾಗಿ ಬಂದವನು ‘ಪ್ರೇತ’. ಒಂದು ವರ್ಷ ಸವೆಸಿದವನು ‘ಸೌಟು’. ಕೊನೆಯ ಅವಧಿಗೆ ತಲುಪಿದವನು ‘ಅಜ್ಜ’. ಅಜ್ಜನಿಗಾದರೂ ವಯಸ್ಸು ಇಪ್ಪತ್ತರ ಆಸುಪಾಸು. ಪ್ರೇತವಾದವನು ಅಜ್ಜನ ಹಾಸಿಗೆ ಸರಿಪಡಿಸಬೇಕು, ಬಟ್ಟೆ ಒಗೆಯಬೇಕು, ತನ್ನ ಪಾಲಿನ ಬೆಣ್ಣೆಯನ್ನೂ ಹಣವನ್ನೂ ಒಪ್ಪಿಸಬೇಕು, ನಡುರಾತ್ರಿ ಕರೆದರೆ ಎದ್ದು ನಿಲ್ಲಬೇಕು. ಒಂದು ಮೆಟ್ಟಿಲಿನಿಂದ ಇನ್ನೊಂದಕ್ಕೆ ಏರುವಾಗ ಬೆಲ್ಟಿನ ಏಟುಗಳೇ ಬಡ್ತಿಯ ವಿಧಿ.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಅಜ್ಜನಿಗೆ ಯಾವ ಹುದ್ದೆಯೂ ಇರಲಿಲ್ಲ; ಅವನೂ ಪ್ರೇತದಂತೆಯೇ ಸಾಮಾನ್ಯ ಸಿಪಾಯಿ. ಯಾವ ನಿಯಮಾವಳಿಯೂ ಕೊಡದ ಅಧಿಕಾರವನ್ನು ಅವನು ಪಡೆದದ್ದು ಒಂದೇ ಒಂದು ಆಧಾರದಿಂದ: ತಾನೂ ಒಂದು ಕಾಲಕ್ಕೆ ಇದನ್ನೆಲ್ಲ ಅನುಭವಿಸಿದ್ದೆ ಎಂಬುದರಿಂದ. ಅನುಭವಸ್ಥರಾದ ವೃತ್ತಿಪರ ಹವಾಲ್ದಾರರ ಕೊರತೆಯಿದ್ದ ಆ ಸೈನ್ಯದಲ್ಲಿ ಅಧಿಕಾರಿಗಳು ಇದನ್ನು ಕಂಡೂ ಕಾಣದಂತಿದ್ದರು. ಅಜ್ಜಂದಿರ ಭಯವು ರಾತ್ರಿಯ ಶಿಸ್ತನ್ನು ಖರ್ಚಿಲ್ಲದೆ ಕಾಯುತ್ತಿತ್ತು.

ಆ ಶಿಸ್ತಿನ ಬೆಲೆಯನ್ನು ತೆತ್ತವರು ಬೇರೆಯವರು. 1989ರಲ್ಲಿ ಸೈನಿಕರ ತಾಯಂದಿರೇ ಸಮಿತಿ ಕಟ್ಟಿಕೊಂಡು ಬೀದಿಗೆ ಬಂದರು. 2005ರ ವರ್ಷಾಂತ್ಯದ ರಾತ್ರಿ ಚೆಲ್ಯಾಬಿನ್ಸ್ಕ್ ನಗರದ ಟ್ಯಾಂಕ್ ಶಾಲೆಯಲ್ಲಿ ಯುವ ಸಿಪಾಯಿಯೊಬ್ಬನನ್ನು ಗಂಟೆಗಟ್ಟಲೆ ಕುಕ್ಕರುಗಾಲಿನಲ್ಲಿ ಕೂರಿಸಲಾಯಿತು. ರಕ್ತ ಹರಿಯದೆ ಕೊಳೆತ ಅವನ ಕಾಲುಗಳನ್ನು ವೈದ್ಯರು ಕತ್ತರಿಸಬೇಕಾಯಿತು. ಅಪರಾಧಿಯಾದ ಕಿರಿಯ ಸಾರ್ಜೆಂಟನಿಗೆ ಸಿಕ್ಕಿದ್ದು 4 ವರ್ಷಗಳ ಶಿಕ್ಷೆ. 2008ರ ಹೊತ್ತಿಗೆ ರಷ್ಯಾ ಕಡ್ಡಾಯ ಸೇವೆಯನ್ನು 1 ವರ್ಷಕ್ಕೆ ಇಳಿಸಿತು. ಏಣಿಯ ಮೆಟ್ಟಿಲುಗಳು ಕಡಿಮೆಯಾದರೆ ಮೇಲಿನವರ ದರ್ಪವೂ ಕುಗ್ಗೀತು ಎಂಬ ನಿರೀಕ್ಷೆಯಿತ್ತು. ಪೂರ್ತಿಯಾಗಿ ಕುಗ್ಗಲಿಲ್ಲ. 2019ರಲ್ಲಿ ಸೈಬೀರಿಯದ ಒಂದು ಠಾಣೆಯಲ್ಲಿ ಯುವಕನೊಬ್ಬ ತನ್ನವರ ಮೇಲೆಯೇ ಗುಂಡು ಹಾರಿಸಿ 8 ಮಂದಿಯನ್ನು ಕೊಂದ. ಹಳಬರ ಹಿಂಸೆಯನ್ನು ತಾಳಲಾರದೆ ಹಾಗೆ ಮಾಡಿದೆನೆಂದು ಹೇಳಿದ.

ಇಂಥ ಪದ್ಧತಿಗಳನ್ನು ಸಮರ್ಥಿಸುವವರೂ ಇದ್ದಾರೆ. ಅವರ ಮಾತನ್ನು ಕೇಳದೆ ತೀರ್ಪು ಕೊಡುವುದು ತರವಲ್ಲ. ಯುದ್ಧವು ಕ್ರೂರವಾದದ್ದು, ಹೂವಿನಂಥ ಹುಡುಗನನ್ನು ಮೊದಲೇ ಕಾಯಿಸಿ ಬಡಿಯದಿದ್ದರೆ ರಣದಲ್ಲಿ ಅವನು ಒಡೆಯುತ್ತಾನೆ, ಒಟ್ಟಿಗೆ ನೊಂದವರು ಒಟ್ಟಿಗೆ ನಿಲ್ಲುತ್ತಾರೆ ಎಂಬುದು ಅವರ ವಾದ. ಇದರಲ್ಲಿ ಸತ್ಯದ ಒಂದು ಎಳೆ ಇದೆ. ಆದರೆ ಆ ಎಳೆಯನ್ನು ಹಿಡಿದು ಮನಃಶಾಸ್ತ್ರಜ್ಞರು ಬೇರೊಂದು ಗಂಟನ್ನು ಬಿಚ್ಚಿದ್ದಾರೆ. 1959ರಲ್ಲಿ ಆರನ್‌ಸನ್ ಮತ್ತು ಮಿಲ್ಸ್ ಎಂಬ ಅಮೆರಿಕದ ಸಂಶೋಧಕರು ಒಂದು ಚರ್ಚಾಕೂಟಕ್ಕೆ ಸೇರಬಯಸಿದ ಕಾಲೇಜು ವಿದ್ಯಾರ್ಥಿನಿಯರಲ್ಲಿ ಕೆಲವರಿಗೆ ಮಾತ್ರ ತೀರ ಮುಜುಗರದ ಪ್ರವೇಶಪರೀಕ್ಷೆಯನ್ನು ಒಡ್ಡಿದರು. ಬಳಿಕ ಎಲ್ಲರಿಗೂ ಕೇಳಿಸಿದ್ದು ಬೇಕೆಂದೇ ನೀರಸವಾಗಿ ರೂಪಿಸಿದ ಒಂದೇ ಚರ್ಚೆ. ಹೆಚ್ಚು ಮುಜುಗರಪಟ್ಟವರೇ ಆ ಚರ್ಚೆಯನ್ನು ಹೆಚ್ಚು ಮೆಚ್ಚಿಕೊಂಡರು. ತಾನು ಪಟ್ಟ ಪಾಡು ವ್ಯರ್ಥವೆಂದು ಒಪ್ಪಲಾರದ ಮನಸ್ಸು ಇಲ್ಲದ ಬೆಲೆಯನ್ನು ತಾನೇ ಕಟ್ಟಿಕೊಳ್ಳುತ್ತದೆ. ಆದ್ದರಿಂದ ‘ನಾನು ಅನುಭವಿಸಿದೆ, ಅದರಿಂದಲೇ ಗಟ್ಟಿಯಾದೆ’ ಎಂಬ ಹಳಬನ ಸಾಕ್ಷ್ಯವನ್ನು ನಾವು ಹಾಗೆಯೇ ನಂಬುವಂತಿಲ್ಲ. ಅದು ಅನುಭವದ ಮಾತಾಗಿರಬಹುದು, ಗಾಯದ ಮಾತೂ ಆಗಿರಬಹುದು.

ದೂರದ ದೇಶದವರ ಮೇಲೆ ಇದನ್ನೆಲ್ಲ ಹೊರಿಸಿ ನಾನು ಕೈ ತೊಳೆದುಕೊಳ್ಳಲಾರೆ. ವಿದ್ಯಾರ್ಥಿದೆಸೆಯಲ್ಲಿ, ಗಡಿಯ ಈಚೆಯ ಒಂದು ವಸತಿಗೃಹದಲ್ಲಿ, ಹಿರಿಯರು ನನ್ನನ್ನು ರಾತ್ರಿ ಎಬ್ಬಿಸಿ ಮರಾಠಿ ಪತ್ರಿಕೆಯನ್ನು ಗಟ್ಟಿಯಾಗಿ ಓದಿಸುತ್ತಿದ್ದರು. ನನ್ನ ಕನ್ನಡದ ನಾಲಿಗೆ ಎಡವಿದಲ್ಲೆಲ್ಲ ಒಂದು ಪೆಟ್ಟು, ಒಂದು ನಗೆ. ಮರುವರ್ಷ ಜತ್ತ ಕಡೆಯ ಹಳ್ಳಿಯಿಂದ ಒಬ್ಬ ಹುಡುಗ ಬಂದ. ಅವನದೂ ನನ್ನಂಥದೇ ಕನ್ನಡ, ನನ್ನಂಥದೇ ಮರಾಠಿ. ಅವನ ಕೈಗೆ ಪತ್ರಿಕೆ ಕೊಟ್ಟವನು ನಾನು. ಆ ರಾತ್ರಿ ನನಗಾದದ್ದು ಸಂತೋಷವಲ್ಲ; ಲೆಕ್ಕ ಚುಕ್ತಾ ಆಯಿತೆಂಬ ಒಂದು ಬಗೆಯ ನೆಮ್ಮದಿ. ನಾಲ್ಕನೆಯ ದಿನ ಅವನು ಟ್ರಂಕು ಹೊತ್ತು ಹೊರಟುಹೋದ. ಅವನ ಹೆಸರು ಇಂದಿಗೂ ನೆನಪಿದೆ; ಇಲ್ಲಿ ಬರೆಯುವ ಹಕ್ಕು ನನಗಿಲ್ಲ. ಅಂದು ನಾನೇಕೆ ನಿಲ್ಲಿಸಲಿಲ್ಲ ಎಂದು ಕೇಳಿಕೊಂಡಾಗಲೆಲ್ಲ ದೊರೆಯುವ ಉತ್ತರ ಒಂದೇ. ಅವನಿಗೆ ಅದು ಬೇಡವೆಂದು ಒಪ್ಪಿದ್ದರೆ ನನಗೂ ಅದು ಬೇಕಿರಲಿಲ್ಲವೆಂದು ಒಪ್ಪಬೇಕಾಗುತ್ತಿತ್ತು. ನನ್ನ ಅವಮಾನಕ್ಕೆ ಯಾವ ಅರ್ಥವೂ ಇರಲಿಲ್ಲವೆಂಬ ಸತ್ಯವನ್ನು ಎದುರಿಸುವುದಕ್ಕಿಂತ ಇನ್ನೊಬ್ಬನನ್ನು ಅವಮಾನಿಸುವುದು ನನಗೆ ಸುಲಭವಾಗಿತ್ತು.

ಹಾಗಾದರೆ ಎಲ್ಲ ಪ್ರವೇಶವಿಧಿಗಳೂ ತ್ಯಾಜ್ಯವೆ? ಅಲ್ಲ. 1832ರ ಫೆಬ್ರವರಿಯಲ್ಲಿ ಬೀಗಲ್ ಹಡಗು ಭೂಮಧ್ಯರೇಖೆಯನ್ನು ದಾಟಿದಾಗ ತರುಣ ಡಾರ್ವಿನ್ನನ ಕಣ್ಣು ಕಟ್ಟಿ, ಮುಖಕ್ಕೆ ಡಾಂಬರು ಬಣ್ಣ ಬಳಿದು, ಕಬ್ಬಿಣದ ಪಟ್ಟಿಯಿಂದ ಕೆರೆದು, ನೀರಿಗೆ ಕೆಡವಿದರು. ಒರಟಾದ ಆಟವೇ ಹೌದು. ಆದರೆ ಅದು ಒಂದು ಹಗಲಿನಲ್ಲಿ ಎಲ್ಲರೆದುರು ನಡೆದು ಮುಗಿಯಿತು. ರೇಖೆಯನ್ನು ಹಿಂದೆ ದಾಟಿದ ಸಾಮಾನ್ಯ ನಾವಿಕನು, ದಾಟದ ದೊಡ್ಡವರನ್ನೂ ಅಂದು ಬಿಡದೆ ಗೋಳಾಡಿಸಬಹುದಿತ್ತು. ನಮ್ಮ ಭಾಗದ ತಾಲೀಮುಗಳಲ್ಲಿಯೂ ಹೊಸ ಹುಡುಗ ಮೊದಲು ಕಲಿಯುವುದು ಪಟ್ಟನ್ನಲ್ಲ. ಗುದ್ದಲಿ ಹಿಡಿದು ಕೆಮ್ಮಣ್ಣು ಅಗೆಯುವುದನ್ನು. ಬೆನ್ನು ಮುರಿಯುವ ಕೆಲಸ. ಆದರೆ ಅವನ ಪಕ್ಕದಲ್ಲೇ ಹಳೆಯ ಪೈಲ್ವಾನನೂ ಅಗೆಯುತ್ತಿರುತ್ತಾನೆ. ಹದಗೊಂಡ ಮಣ್ಣಿನ ಮೇಲೆ ಇಬ್ಬರೂ ಬೀಳುತ್ತಾರೆ, ಇಬ್ಬರೂ ಏಳುತ್ತಾರೆ.

ದೀಕ್ಷೆಗೂ ದಂಡನೆಗೂ ಇರುವ ಗೆರೆ ಇಲ್ಲಿಯೇ ಇದೆ ಎಂದು ನನಗೆ ತೋರುತ್ತದೆ. ಕಷ್ಟವೆಷ್ಟು ಎಂಬುದು ಅಳತೆಯಲ್ಲ. ವಿಧಿಸುವವನು ಜೊತೆಗೆ ನಿಂತು ತಾನೂ ಮಾಡುತ್ತಾನೆಯೆ? ಹಗಲಿನಲ್ಲಿ, ಎಲ್ಲರೂ ನೋಡುವಂತೆ ಮಾಡಿಸಬಲ್ಲನೆ? ಬೇಡವೆಂದವನು ಮನುಷ್ಯನಾಗಿ ಉಳಿಯಬಲ್ಲನೆ? ಈ ಮೂರಕ್ಕೂ ಹೌದೆನ್ನಬಹುದಾದರೆ ಅದು ದೀಕ್ಷೆ. ‘ಅವನೇ ಒಪ್ಪಿದ್ದನಲ್ಲ’ ಎಂಬ ಸಮಾಧಾನವೂ ಮೂರನೆಯ ಪ್ರಶ್ನೆಯ ಮುಂದೆ ನಿಲ್ಲುವುದಿಲ್ಲ. ಅಮೆರಿಕದ ಮರೀನ್ ಪಡೆಯಲ್ಲಿ ಧುಮುಕುಕೊಡೆಯ ಬಿಲ್ಲೆಯ ಮುಳ್ಳುಗಳನ್ನು ಹೊಸಬನ ಬರಿ ಎದೆಗೆ ಗುದ್ದಿ ಕೂರಿಸುವ ದೃಶ್ಯಗಳು 1997ರಲ್ಲಿ ದೂರದರ್ಶನದಲ್ಲಿ ಬಯಲಾದಾಗ, ಅದನ್ನು ಬಯಸಿ ಪಡೆಯುತ್ತಾರೆಂದು ವಾದಿಸಿದವರಿದ್ದರು. ಬೇಡವೆಂದರೆ ಹೇಡಿಯೆಂಬ ಹೆಸರು ಕಾದಿರುವಲ್ಲಿ ‘ಹೂಂ’ ಎಂಬ ಮಾತಿಗೆ ಏನು ಬೆಲೆ?

ಒಳಗಿನ ಕ್ರೌರ್ಯ ಒಳಗೇ ಉಳಿಯುವುದಿಲ್ಲವೆಂಬುದಕ್ಕೆ ಕೆನಡಾ ಸಾಕ್ಷಿ. ಆ ದೇಶದ ಏರ್‌ಬೋರ್ನ್ ರೆಜಿಮೆಂಟಿನ ಸೈನಿಕರು 1993ರಲ್ಲಿ ಶಾಂತಿಪಾಲನೆಗೆಂದು ಸೋಮಾಲಿಯಾಕ್ಕೆ ಹೋಗಿ, ಸೆರೆಸಿಕ್ಕ 16ರ ಹುಡುಗನನ್ನು ಚಿತ್ರಹಿಂಸೆ ಕೊಟ್ಟು ಕೊಂದರು. 1995ರಲ್ಲಿ ಅದೇ ರೆಜಿಮೆಂಟಿನೊಳಗಿನ ಹೇಯ ಪ್ರವೇಶವಿಧಿಗಳ ಚಿತ್ರಸುರುಳಿಗಳು ಹೊರಬಿದ್ದವು. ಆ ವರ್ಷವೇ ಸರ್ಕಾರ ಇಡೀ ರೆಜಿಮೆಂಟನ್ನು ವಿಸರ್ಜಿಸಿತು. ಒಡನಾಡಿಯನ್ನು ಹೀನಾಯಗೊಳಿಸುವುದನ್ನು ತಮಾಷೆಯೆಂದು ಕಲಿತವನು ಅಪರಿಚಿತನ ಮುಂದೆ ಕರುಣಾಳುವಾಗುವುದು ಹೇಗೆ?

ನಮ್ಮ ಅಕ್ಕಲಕೋಟೆ, ಜತ್ತ, ಸೊಲ್ಲಾಪುರದ ಹಳ್ಳಿಗಳಿಂದ ಎಷ್ಟೋ ತರುಣರು ಸೈನ್ಯ ಸೇರುತ್ತಾರೆ. ಮರಾಠಾ ಲಘು ಪದಾತಿದಳದ ಕೇಂದ್ರವಿರುವ ಬೆಳಗಾವಿ ನಮಗೆ ದೂರದ ಊರಲ್ಲ. ಕೈಕೆಳಗಿನವನನ್ನು ಹಿಂಸಿಸುವ ಮೇಲಿನವನಿಗೆ 7 ವರ್ಷಗಳವರೆಗೆ ಸೆರೆವಾಸ ವಿಧಿಸಲು 1950ರ ಸೇನಾ ಕಾಯಿದೆಯ 47ನೆಯ ಕಲಮು ಅವಕಾಶ ಕೊಡುತ್ತದೆ. ಕಾನೂನು ಬೇಕು, ಆದರೆ ರಾತ್ರಿಯ ಬ್ಯಾರಕ್ಕಿನೊಳಗೆ ಕಾನೂನಿನ ಕಣ್ಣು ಮಂದ. ಅಲ್ಲಿ ಬೆಳಗಬೇಕಾದುದು ಹಿರಿತನದ ಕಲ್ಪನೆ. ಡೆಹರಾಡೂನಿನ ಸೇನಾ ಅಕಾಡೆಮಿಯಲ್ಲಿ ಅಧಿಕಾರಿಯಾಗುವವನಿಗೆ ಕಲಿಸುವ ಕ್ರಮ ಹೀಗಿದೆ: ದೇಶದ ಹಿತ ಮೊದಲು, ಕೈಕೆಳಗಿನ ಸೈನಿಕರದು ಅನಂತರ, ತನ್ನದು ಯಾವಾಗಲೂ ಕಟ್ಟಕಡೆಗೆ. ಹಿರಿಯನೆಂದರೆ ಸಾಲಿನಲ್ಲಿ ಕೊನೆಗೆ ನಿಲ್ಲುವವನು. ರಷ್ಯಾದ ಅಜ್ಜ ಆ ಸಾಲನ್ನೇ ತಲೆಕೆಳಗು ಮಾಡಿದ್ದ.

ಗುಂಡಿಗೆ ಎದೆಯೊಡ್ಡಿ, ಅದು ತನ್ನ ಹಿಂದಿನವರನ್ನು ತಾಗದಂತೆ ತಡೆಯುವವನನ್ನು ನಾವು ವೀರನೆನ್ನುತ್ತೇವೆ. ತಾನು ತಿಂದ ಪೆಟ್ಟನ್ನು ತನ್ನಲ್ಲಿಯೇ ತಡೆದು, ಹಿಂದೆ ಬರುವವನಿಗೆ ದಾಟಿಸದೆ ಇರುವುದೂ ಅದೇ ಜಾತಿಯ ವೀರ. ಅದಕ್ಕೆ ಪದಕವಿಲ್ಲ. ತನ್ನ ನೋವಿಗೆ ಅರ್ಥವಿರಲಿಲ್ಲವೆಂದು ಒಪ್ಪಿಕೊಳ್ಳುವ ಎದೆಗಾರಿಕೆ ಮಾತ್ರ ಬೇಕು. ಆ ಹುಡುಗ ಟ್ರಂಕು ಹೊತ್ತು ಮೆಟ್ಟಿಲಿಳಿಯುತ್ತಿದ್ದಾಗ ನನ್ನಲ್ಲಿ ಅದಿರಲಿಲ್ಲ. ಈಗಿನ ತರುಣರಲ್ಲಿ, ಬ್ಯಾರಕ್ಕಿನಲ್ಲಾಗಲಿ ವಸತಿಗೃಹದಲ್ಲಾಗಲಿ, ಒಬ್ಬನಾದರೂ ‘ಇದು ನನ್ನಲ್ಲಿಗೆ ಮುಗಿಯಲಿ’ ಎಂದರೆ ನಾನು ಇದನ್ನು ಬರೆದದ್ದು ಸಾರ್ಥಕ.