ಯಶೋದೆ ಬಿಸುಟ ಕೋಲು

ಕಾರ್ತಿಕವು ದಾಮೋದರನ ಮಾಸ. ದಶಮಸ್ಕಂಧದಲ್ಲಿ ಬಾಲಕೃಷ್ಣನು ಮೊಸರಿನ ಗಡಿಗೆ ಒಡೆದುದನ್ನು ನೆನೆದು ನಗುವ ನಾವು, ಅದಕ್ಕೆ ಮೊದಲು ನಡೆದುದನ್ನು ಮರೆಯುತ್ತೇವೆ. ಮೊಲೆಯುಣ್ಣುತ್ತಿದ್ದ ಶಿಶುವನ್ನು ತೃಪ್ತಿಯಾಗುವ ಮುನ್ನವೇ ಕೆಳಗಿಳಿಸಿ ತಾಯಿ ಉಕ್ಕುವ ಹಾಲಿನತ್ತ ಓಡಿದಳು. ನಿರ್ದೋಷನಾದ ಶ್ರೀಹರಿಗೆ ಕೋಪವೆಲ್ಲಿಯದು! ಅದು ಲೀಲೆ; ಪಾಠ ನಮಗೆ.

ಚಿಕ್ಕೋಡಿ, ರಾಯಬಾಗ, ಅಥಣಿಯ ಕಡೆ ಕಬ್ಬಿನ ಹಂಗಾಮು ಬಂದಿತೆಂದರೆ ಎಷ್ಟೋ ತಂದೆಯರು ಮನೆ ಸೇರುವುದು ನಡುರಾತ್ರಿಗೆ. ಕಳೆದ ವರ್ಷ ಪ್ರವಚನಾನಂತರ ತಾಯಿಯೊಬ್ಬರು ಬಂದು, "ಆಚಾರ್ಯರ, ತಂಗಿ ಹುಟ್ಟಿದಾಗಿಂದ ಏಳು ವರ್ಷದ ಮಗ ಹಾಸಿಗಿ ಒದ್ದಿ ಮಾಡತಾನ, ಸುಳ್ಳು ಹೇಳತಾನ, ಸಾಲ್ಯಾಗ ಹೊಡದಾಡತಾನ. ಅವರಪ್ಪ ಬಡದರೂ ಕೇಳವಲ್ಲ" ಎಂದು ಕಣ್ಣೀರಿಟ್ಟರು. ಆ ಬಾಲಕನಿಗೂ ತೊಡೆ ತಪ್ಪಿತ್ತು; ಬಾಯಿಬಿಟ್ಟು ಕೇಳಲರಿಯದೆ ಹೀಗೆ ಕೇಳುತ್ತಿದ್ದನು.

ಮಗನ ಕಣ್ಣಿನ ಭಯ ಕಂಡೊಡನೆ ಯಶೋದೆ ಕೋಲನ್ನು ಬಿಸುಟಳು. ಆದರೆ ಸುಮ್ಮನೆ ಬಿಡಲಿಲ್ಲ, ಒರಳಿಗೆ ಕಟ್ಟಿದಳು. ಕಟ್ಟುಪಾಡು ಬೇಕು, ಪೆಟ್ಟು ಬೇಡ. (ಪಾಠಶಾಲೆಯಲ್ಲಿ ನಾನೂ ಬೆತ್ತದ ರುಚಿ ಕಂಡವನೇ, ಅಂದಿನ ಪಾಠ ಮರೆತಿದೆ, ಬೆತ್ತ ಮರೆತಿಲ್ಲ.)

ಹದಿಹರೆಯದವರು ಊಟ, ನಿದ್ರೆ, ಮಾತು ಬಿಟ್ಟು ಕೋಣೆ ಸೇರಿದರೆ ದೃಷ್ಟಿ ತೆಗೆದು ಕೂಡಬಾರದು, ವೈದ್ಯರನ್ನು ಕಾಣಬೇಕು. 2022ರಲ್ಲಿ ಆರಂಭವಾದ ಸರಕಾರದ ಟೆಲಿ-ಮಾನಸ್ ದೂರವಾಣಿ 14416ರಲ್ಲಿ ಕನ್ನಡದಲ್ಲಿಯೂ ಉಚಿತ ಸಲಹೆ ದೊರೆಯುವುದು.

ದಿನವೂ ಅರ್ಧ ತಾಸು ಮಗನೊಬ್ಬನನ್ನೇ ಬಳಿಯಲ್ಲಿ ಕೂಡಿಸಿಕೊಳ್ಳಿರೆಂದು ಆ ತಾಯಿಗೆ ಹೇಳಿದ್ದೆ. ಹಾಸಿಗೆಯ ತೊಂದರೆ ನಿಂತಿದೆ. ಶಾಲೆಯ ಜಗಳ ಇನ್ನೂ ಪೂರ್ತಿ ನಿಂತಿಲ್ಲವಂತೆ.