ನೆನಪು ಯಾರ ಸ್ವತ್ತು?

ಗಂಡ ಬರೆದ ಪತ್ರಗಳನ್ನು ಅವನು ತೀರಿಕೊಂಡ ಮೇಲೆ ಹೆಂಡತಿ ಊರಿಗೆಲ್ಲ ಓದಿ ಹೇಳಬಹುದೇ? ಇಬ್ಬರೇ ಕಂಡುಂಡ ಸುಖದುಃಖವನ್ನು ಮೂರನೆಯವರ ಮುಂದೆ ತೆರೆದಿಡುವುದು ಪ್ರೀತಿಯೋ, ನಂಬಿಕೆದ್ರೋಹವೋ? ಮನೆಯ ಮಾತು ಮನೆಯಲ್ಲೇ ಇರಬೇಕು ಎಂದು ನಮ್ಮ ಹಿರಿಯರು ಹೇಳಿದ್ದಾರೆ. ಇದ್ದುದನ್ನು ಹಂಚಿಕೊಂಡು ಬಾಳಬೇಕು ಎಂದೂ ಅವರೇ ಹೇಳಿದ್ದಾರೆ. ನೆನಪಿನ ವಿಷಯಕ್ಕೆ ಬಂದಾಗ ಇವೆರಡರಲ್ಲಿ ಯಾವ ಮಾತನ್ನು ಹಿಡಿಯಬೇಕು?

ನಲ್ಮೆಯ ಓದುಗರೇ, ಈ ಪ್ರಶ್ನೆಯನ್ನು ಆಲೋಚಿಸಲು ನಾವು ದೂರ ಹೋಗಬೇಕಾಗಿಲ್ಲ. ನಮ್ಮ ಮೂಡಿಗೆರೆಯ ಕಾಫಿ ತೋಟಗಳ ನಡುವೆ ಬಾಳಿದ ಒಂದು ದಂಪತಿಯ ಕಡೆ ನೋಡಿದರೆ ಸಾಕು.

ಮಲೆನಾಡಿನ ಒಂದು ಮನೆ

ಕೆ.ಪಿ. ಪೂರ್ಣಚಂದ್ರ ತೇಜಸ್ವಿಯವರ ಹೆಸರು ಕೇಳದವರು ನಮ್ಮ ಜಿಲ್ಲೆಯಲ್ಲಿ ಇರಲಾರರು. 1938ರ ಸೆಪ್ಟೆಂಬರ್ 8ರಂದು ಹುಟ್ಟಿದ ಅವರು ರಾಷ್ಟ್ರಕವಿ ಕುವೆಂಪು ಅವರ ಹಿರಿಯ ಮಗ. ಮೈಸೂರಿನಲ್ಲಿ ಕನ್ನಡ ಎಂ.ಎ. ಮುಗಿಸಿದ ಮೇಲೆ ಪಟ್ಟಣದ ನೌಕರಿಯ ದಾರಿ ಬಿಟ್ಟು ಮೂಡಿಗೆರೆ ಸೀಮೆಗೆ ಬಂದು ಕಾಫಿ ಬೆಳೆಗಾರರಾದರು. ಮೈಸೂರಿನಲ್ಲಿ ಪರಿಚಯವಾಗಿದ್ದ ರಾಜೇಶ್ವರಿಯವರನ್ನು 1966ರಲ್ಲಿ ಕೈಹಿಡಿದರು. ರಾಜೇಶ್ವರಿಯವರು ತತ್ವಶಾಸ್ತ್ರ ಓದಿದವರು. ಕುವೆಂಪು ರೂಪಿಸಿದ 'ಮಂತ್ರ ಮಾಂಗಲ್ಯ'ದ ಕ್ರಮದಲ್ಲಿ ಅವರ ಮದುವೆ ನಡೆಯಿತು. ಪುರೋಹಿತರಿಲ್ಲ, ಆಡಂಬರವಿಲ್ಲ, ವರದಕ್ಷಿಣೆಯಿಲ್ಲ. ಬಲಿಪೀಠದ ಮುಂದೆ ನಿಂತು ವಿವಾಹ ಸಂಸ್ಕಾರ ನೆರವೇರಿಸುವ ಗುರುವಾದ ನಾನು ಆ ದಾರಿಯವನಲ್ಲ. ಆದರೂ ಇಬ್ಬರು ಸರಳವಾಗಿ ಕೊಟ್ಟುಕೊಂಡ ಮಾತನ್ನು ನಲವತ್ತು ವರ್ಷ ನಡೆಸಿಕೊಟ್ಟರೆಂದರೆ ಅದಕ್ಕೆ ತಲೆಬಾಗದಿರಲು ಯಾರಿಗೂ ಸಾಧ್ಯವಿಲ್ಲ.

ಮೊದಲು 'ಚಿತ್ರಕೂಟ', ಆಮೇಲೆ ಮೂಡಿಗೆರೆ ಪೇಟೆಗೆ ಹತ್ತಿರದ 'ನಿರುತ್ತರ' ಅವರ ತೋಟ, ಅವರ ಮನೆ. 1980ರಲ್ಲಿ ಬಂದ 'ಕರ್ವಾಲೊ', 1987ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದ 'ಚಿದಂಬರ ರಹಸ್ಯ' ಈ ಕಾಡುಮೇಡಿನ ಬದುಕಿನಿಂದಲೇ ಹುಟ್ಟಿದವು. ತೇಜಸ್ವಿಯವರು ಬರೆಯುವುದರಲ್ಲೇ ತೃಪ್ತರಾದವರಲ್ಲ. ಚಿತ್ರ ಬಿಡಿಸಿದರು, ಗಾಳ ಹಿಡಿದು ಹೊಳೆಯ ಬದಿಯಲ್ಲಿ ಕುಳಿತರು, ಕ್ಯಾಮೆರಾ ಹಿಡಿದು ಹಕ್ಕಿಗಳ ಬೆನ್ನು ಹತ್ತಿದರು. ಆ ಹಕ್ಕಿಗಳ ಚಿತ್ರಗಳು ಪುಸ್ತಕಗಳಾಗಿ ನಾಡಿನ ಮಕ್ಕಳ ಕೈ ಸೇರಿದವು.

ಅದು ಫಿಲ್ಮ್ ರೋಲಿನ ಕಾಲ ಎಂಬುದನ್ನು ಮರೆಯಬಾರದು. ಒಂದು ರೋಲಿನಲ್ಲಿ ಹೆಚ್ಚೆಂದರೆ 36 ಚಿತ್ರ. ತೊಳೆಸಿ ನೋಡುವವರೆಗೂ ಚಿತ್ರ ಬಂದಿದೆಯೋ ಇಲ್ಲವೋ ತಿಳಿಯದು. ಹಕ್ಕಿಗೆ ಕಾಣದಂತೆ ಮರೆಯಲ್ಲಿ ಗಂಟೆಗಟ್ಟಲೆ ಕೂರಬೇಕು. ಹೀಗೆ ಗಂಡ ಮರೆಯಲ್ಲಿ ಕುಳಿತಿರುವಾಗ ಮನೆ ನಡೆಯಬೇಕಲ್ಲ? ಮಕ್ಕಳು ಉಣ್ಣಬೇಕು, ಬಂದ ನೆಂಟರಿಗೆ ಕಾಫಿಯಾಗಬೇಕು, ತೋಟದ ಆಳುಗಳಿಗೆ ಬಟವಾಡೆಯಾಗಬೇಕು. ಯಾವುದೇ ಮನೆಯಲ್ಲಿ ಒಬ್ಬರು ಒಂದು ಹಕ್ಕಿಗಾಗಿ ದಿನವಿಡೀ ಕಾಯಬೇಕಾದರೆ, ಇನ್ನೊಬ್ಬರು ಅವರಿಗೆ ಆ ದಿನವನ್ನು ಬಿಡಿಸಿಕೊಡಬೇಕು. ಈ ಕೊಡುಗೆ ಯಾವ ಫೋಟೋದಲ್ಲೂ ಕಾಣುವುದಿಲ್ಲ.

2007ರ ಏಪ್ರಿಲ್ 5ರಂದು ತೇಜಸ್ವಿಯವರು ತೀರಿಕೊಂಡರು. ಅದಾದ ಮೇಲೆ ರಾಜೇಶ್ವರಿಯವರು 'ನನ್ನ ತೇಜಸ್ವಿ' ಎಂಬ ನೆನಪಿನ ಪುಸ್ತಕ ಬರೆದರು. ಮೈಸೂರಿನ ಪ್ರೀತಿಯ ದಿನಗಳು, ತೋಟ ಕಟ್ಟಿದ ಕಷ್ಟ, ಮನೆಯೊಳಗಿನ ನಗು ಅದರಲ್ಲಿವೆ. ಗಂಡ ತಮಗೆ ಬರೆದ ಪತ್ರಗಳನ್ನೂ ಅವರು ಓದುಗರ ಮುಂದಿಟ್ಟರು. 2021ರ ಡಿಸೆಂಬರ್ 14ರಂದು ಅವರೂ ಕಣ್ಮುಚ್ಚಿದರು. ಈಗ ಆ ಇಬ್ಬರಲ್ಲಿ ಯಾರೂ ನಮ್ಮ ನಡುವೆ ಇಲ್ಲ. ಅವರು ಹಂಚಿಕೊಂಡದ್ದು ಇದೆ.

ಅದು ಸರಿಯೇ?

"ಪ್ರೀತಿಸಿದವಳಿಗೆಂದು ಬರೆದದ್ದನ್ನು ಪರರು ಓದುವುದು ಎಷ್ಟು ಸರಿ?" ಎಂದು ನಿಮ್ಮಲ್ಲಿ ಕೆಲವರು ಕೇಳಬಹುದು. ಇದು ತಳ್ಳಿಹಾಕುವ ಪ್ರಶ್ನೆಯಲ್ಲ. ಪತ್ರ ಬರೆದವರು ಈಗ ಬಂದು "ಬೇಡ" ಎನ್ನಲಾರರು. ಸತ್ತವರ ಮೌನವನ್ನು ಒಪ್ಪಿಗೆ ಎಂದು ತಿಳಿಯುವುದು ಸುಲಭ. ಅದಕ್ಕಾಗಿಯೇ ಅದು ಅಪಾಯ. ಪಾಪನಿವೇದನೆಯ ಗೂಡಿನಲ್ಲಿ ಕೂರುವ ಗುರುವಿಗೆ ಮೌನದ ಬೆಲೆ ಏನೆಂದು ಚೆನ್ನಾಗಿ ಗೊತ್ತು. ಕೆಲವು ಮಾತುಗಳು ಕೇಳಿದವನ ಜೊತೆಗೇ ಮಣ್ಣಾಗಬೇಕು.

ಹಾಗಾದರೆ ಎಲ್ಲ ನೆನಪೂ ಹಾಗೆಯೇ ಮಣ್ಣಾಗಬೇಕೇ? ಇಲ್ಲಿ ನಾವು ಸ್ವಲ್ಪ ನಿಧಾನಿಸಬೇಕು. ತೋಟವನ್ನು ಸರ್ವೆ ಮಾಡಿಸಿ ಪಾಲು ಮಾಡಬಹುದು. ಹತ್ತು ಎಕರೆಯನ್ನು ಇಬ್ಬರಿಗೆ ಹಂಚಿದರೆ ಒಬ್ಬೊಬ್ಬರಿಗೆ ಐದೇ ಎಕರೆ. ನೆನಪು ಅಂಥ ಸ್ವತ್ತಲ್ಲ. ಹಂಚಿದಷ್ಟೂ ಅದು ಕೊಟ್ಟವನಲ್ಲೂ ಉಳಿಯುತ್ತದೆ, ಪಡೆದವನಲ್ಲೂ ಬೆಳೆಯುತ್ತದೆ. ಒಳಿತು ತಾನಾಗಿಯೇ ಹರಡಿಕೊಳ್ಳುವಂಥದ್ದು ಎಂದು ಸಂತ ಥಾಮಸ್ ಅಕ್ವಿನಾಸರ ಪರಂಪರೆಯ ಪಂಡಿತರು ಹೇಳುತ್ತಾ ಬಂದಿದ್ದಾರೆ. ದೀಪ ಬೆಳಕನ್ನು ಬಚ್ಚಿಟ್ಟುಕೊಳ್ಳಲಾರದು.

ಅಲ್ಲದೆ ದಾಂಪತ್ಯದ ನೆನಪು ಒಬ್ಬರದೇ ಅಲ್ಲ. ಪತ್ರ ಬರೆದ ಕೈ ಒಂದು, ಅದನ್ನು ಕಾದು ಓದಿದ ಕಣ್ಣು ಇನ್ನೊಂದು. ಎರಡೂ ಸೇರಿದಾಗ ಮಾತ್ರ ಅದು ಪತ್ರ. ಗಂಡಹೆಂಡತಿ ಒಂದೇ ಜೀವವಾಗುತ್ತಾರೆಂದು ನಾವು ನಂಬುವುದಾದರೆ, ಉಳಿದವರು ಹೋದವರ ನೆನಪಿನ ಒಡೆಯರೂ ಅಲ್ಲ, ಹೊರಗಿನವರೂ ಅಲ್ಲ, ಅದನ್ನು ಕಾಯುವವರು. ಕಾಯುವವರಿಗೆ ಹಕ್ಕಿಗಿಂತ ಹೊಣೆ ಹೆಚ್ಚು.

ಕಲ್ಲಿನ ಮೇಲಿಲ್ಲದ ಹೆಸರು

ಈ ಹೊಣೆಯಲ್ಲಿ ಮೊದಲನೆಯದು, ಮರೆಯಲ್ಲಿದ್ದವರನ್ನು ಬೆಳಕಿಗೆ ತರುವುದು. ಚಿಕ್ಕಮಗಳೂರಿನಿಂದ ಬೇಲೂರಿಗೆ ಹೋಗಿ ಬರುವುದು ನಮಗೆ ಒಂದು ಹೊತ್ತಿನ ಪಯಣ. 1117ರಲ್ಲಿ ವಿಷ್ಣುವರ್ಧನನ ಕಾಲದಲ್ಲಿ ಪ್ರತಿಷ್ಠೆಯಾದ ಚೆನ್ನಕೇಶವ ದೇವಾಲಯದಲ್ಲಿ ಶಿಲ್ಪಿಗಳು ತಮ್ಮ ಹೆಸರು ಕೆತ್ತಿದ್ದಾರೆ. ಬಳ್ಳಿಗಾವೆಯ ದಾಸೋಜನ ಹೆಸರಿದೆ, ಅವನ ಮಗ ಚಾವಣನ ಹೆಸರಿದೆ. ಒಂಬೈನೂರು ವರ್ಷಗಳ ಹಿಂದೆ ಕುಶಲಕರ್ಮಿಗಳಿಗೆ ಅಷ್ಟು ಗೌರವವಿತ್ತಲ್ಲ ಎಂದು ನಾವು ಮೆಚ್ಚುತ್ತೇವೆ. ಆದರೆ ಅಪ್ಪನ ಹೆಸರಿಗೂ ಮಗನ ಹೆಸರಿಗೂ ನಡುವೆ ಒಬ್ಬ ತಾಯಿ ಇದ್ದಳಲ್ಲ, ಅವಳ ಹೆಸರು? ಉಳಿಯಿಂದ ಎದ್ದ ಕಲ್ಲಿನ ಪುಡಿ ಮೆತ್ತಿದ ಬಟ್ಟೆ ಒಗೆದವರು ಯಾರು, ಸಂಜೆ ಹೊತ್ತಿಗೆ ಗಂಜಿ ಕಾಯಿಸಿಟ್ಟವರು ಯಾರು? ಕಲ್ಲು ಹೇಳುವುದಿಲ್ಲ.

ರಾಜೇಶ್ವರಿಯವರ ಪುಸ್ತಕ ಬೆಲೆಯುಳ್ಳದ್ದಾಗುವುದು ಇಲ್ಲಿಯೇ. ದೊಡ್ಡವರ ಹೆಂಡತಿ ಎಂದು ಮಾತ್ರ ಗುರುತಾಗಿದ್ದವರು ತಾವೇ ಲೇಖನಿ ಹಿಡಿದರು. ಗಂಡನನ್ನು ಕುರಿತು ಬರೆಯುತ್ತಲೇ ತಮ್ಮ ಬದುಕನ್ನೂ ಹೇಳಿದರು. ನಲವತ್ತು ವರ್ಷದ ದಾಂಪತ್ಯದಲ್ಲಿ ಇಬ್ಬರಿದ್ದರು ಎಂದು ನಾಡಿಗೆ ತಿಳಿಯಿತು. ಇಂಥ ನೆನಪನ್ನು ಹಂಚಿಕೊಳ್ಳದೆ ಇದ್ದಿದ್ದರೆ ಅದೇ ಒಂದು ಸುಳ್ಳಾಗುತ್ತಿತ್ತು.

ಬಣ್ಣ ಹಚ್ಚದ ನೆನಪು

ಎರಡನೆಯದು ಸತ್ಯ. ತೀರಿಹೋದವರ ಬಗ್ಗೆ ಒಳ್ಳೆಯದನ್ನೇ ಆಡಬೇಕೆಂಬುದು ಲೋಕರೂಢಿ. ಆದರೆ ಒಳ್ಳೆಯದನ್ನು ಮಾತ್ರ ಆಡಿದಾಗ ಆ ಮನುಷ್ಯ ಮಾಯವಾಗಿ ಗೋಡೆಯ ಮೇಲೆ ಹಾರ ಹಾಕಿದ ಪಟವೊಂದೇ ಉಳಿಯುತ್ತದೆ. ಸಂತ ಅಗಸ್ಟೀನರು ತಮ್ಮ 'ನಿವೇದನೆ'ಗಳಲ್ಲಿ ತಾಯಿ ಮೋನಿಕಾರ ವಿಷಯ ಬರೆದಿದ್ದಾರೆ. ಮಗನಿಗಾಗಿ ಕಣ್ಣೀರಿಟ್ಟ ಆ ಮಹಾತಾಯಿ ಚಿಕ್ಕ ಹುಡುಗಿಯಾಗಿದ್ದಾಗ ಪೀಪಾಯಿಯಿಂದ ದ್ರಾಕ್ಷಾರಸ ತರಲು ಹೋಗಿ ಕದ್ದು ಗುಟುಕರಿಸುವ ಚಟ ಹತ್ತಿಸಿಕೊಂಡಿದ್ದರಂತೆ. ಮನೆಯ ಸೇವಕಿಯೊಬ್ಬಳು ಜಗಳದಲ್ಲಿ ಅದನ್ನೇ ಎತ್ತಿ ಹಂಗಿಸಿದಾಗ ನಾಚಿ ಬಿಟ್ಟರಂತೆ. ಮಗನೇ ಇದನ್ನು ಲೋಕಕ್ಕೆ ಹೇಳಿದ್ದಾರೆ. ಅದರಿಂದ ಸಂತ ಮೋನಿಕಾ ಸಣ್ಣವರಾದರೇ? ಇಲ್ಲ, ನಮಗೆ ಹತ್ತಿರವಾದರು.

ನಿರುತ್ತರದ ಮನೆಯಲ್ಲೂ ಇಂಥದೇ ಒಂದು ಪಾಠವಿತ್ತು. 1994ರಲ್ಲಿ ಕುವೆಂಪು ತೀರಿಕೊಂಡ ಎರಡು ವರ್ಷಕ್ಕೆ ತೇಜಸ್ವಿಯವರು 'ಅಣ್ಣನ ನೆನಪು' ಬರೆದರು. ಕುವೆಂಪು ಅವರ ಸಮಾಧಿಯಿರುವ ಕುಪ್ಪಳ್ಳಿಯ ಕವಿಶೈಲದಲ್ಲಿ ಕಲಾವಿದ ಕೆ.ಟಿ. ಶಿವಪ್ರಸಾದ್ ಅವರ ಕಲ್ಪನೆಯಂತೆ ಭಾರಿ ಕಲ್ಲುಗಳು ಎದ್ದು ನಿಂತಿವೆ. ಆ ಕಲ್ಲುಗಳು ರಾಷ್ಟ್ರಕವಿಗೆ ಸಂದ ಗೌರವ. ಮಗನ ಪುಸ್ತಕದಲ್ಲಿ ಸಿಗುವವರು ಮಕ್ಕಳ ಕೀಟಲೆಗಳ ನಡುವೆ ಬಾಳಿದ ಒಬ್ಬ ಅಪ್ಪ. ನಾಡಿಗೆ ಎರಡೂ ಬೇಕಿತ್ತು. ಹೀಗೆ ಮಗ ಅಪ್ಪನನ್ನು ಹಂಚಿಕೊಂಡ ಮನೆಯಲ್ಲೇ ಮುಂದೆ ಹೆಂಡತಿ ಗಂಡನನ್ನು ಹಂಚಿಕೊಂಡರು.

ಗೂಡಿನ ಮರೆ

ಮೂರನೆಯದು ಮಿತಿ. ಹಕ್ಕಿಗಳ ಚಿತ್ರ ತೆಗೆಯುವವರಲ್ಲಿ ಒಂದು ನಿಯಮವಿದೆ. ಗೂಡು ಚೆನ್ನಾಗಿ ಕಾಣಲಿ ಎಂದು ಸುತ್ತಲಿನ ಎಲೆ ಟೊಂಗೆ ಕತ್ತರಿಸಬಾರದು. ಕತ್ತರಿಸಿದರೆ ಚಿತ್ರವೇನೋ ಸೊಗಸಾಗಿ ಬರುತ್ತದೆ. ಆಮೇಲೆ ಕಾಗೆಗೂ ಹಾವಿಗೂ ಗೂಡು ಕಾಣುತ್ತದೆ. ಚಿತ್ರ ತೆಗೆದವನು ಹೊರಟುಹೋದ ಮೇಲೆ ಹಕ್ಕಿ ಮತ್ತೆ ಬಂದು ಮೊಟ್ಟೆಯ ಮೇಲೆ ಕುಳಿತರೆ ಮಾತ್ರ ಆ ಚಿತ್ರ ನ್ಯಾಯವಾದದ್ದು. ಮನೆಯ ನೆನಪನ್ನು ಹಂಚಿಕೊಳ್ಳುವವರಿಗೂ ಇದೇ ಅಳತೆ. ನಾವು ಹೇಳಿದ ಮೇಲೆ ಆ ಮನೆಯವರು ನೆಮ್ಮದಿಯಿಂದ ಮತ್ತೆ ಒಂದು ಸೂರಿನಡಿ ಕೂರಬಲ್ಲರೇ? ಬದುಕಿರುವ ಮಗಳು, ಸೊಸೆ, ನೆರೆಯವರು ತಲೆಯೆತ್ತಿ ನಡೆಯಬಲ್ಲರೇ?

ಕಾಲವೂ ಮುಖ್ಯ. ಚಿತ್ರಕಾರ ವಿನ್ಸೆಂಟ್ ವಾನ್ ಗೋ 1890ರಲ್ಲಿ ಸತ್ತ. ಅವನನ್ನು ಸಾಕಿದ ತಮ್ಮ ಥಿಯೋ ಆರು ತಿಂಗಳಲ್ಲಿ, 1891ರ ಜನವರಿಯಲ್ಲಿ, ಸತ್ತ. ಥಿಯೋನ ಹೆಂಡತಿ ಜೊಹಾನ್ನಳ ಕೈಯಲ್ಲಿ ಉಳಿದದ್ದು ಒಂದು ವರ್ಷದ ಮಗು, ಯಾರೂ ಕೊಳ್ಳದ ರಾಶಿ ಚಿತ್ರಗಳು, ಅಣ್ಣ ತಮ್ಮನಿಗೆ ಬರೆದ ಪತ್ರಗಳ ಕಟ್ಟು. ಆಕೆ ಮೊದಲು ಚಿತ್ರಗಳನ್ನು ಜನರಿಗೆ ತೋರಿಸುತ್ತಾ ಹೋದಳು. ಆ ಪತ್ರಗಳ ದೊಡ್ಡ ಸಂಗ್ರಹವನ್ನು ಅಚ್ಚು ಹಾಕಿಸಿದ್ದು 1914ರಲ್ಲಿ, ಇಪ್ಪತ್ತಮೂರು ವರ್ಷಗಳ ನಂತರ. ಕೃತಿಗೆ ಮನ್ನಣೆ ಸಿಗುವ ಮೊದಲೇ ವ್ಯಕ್ತಿಯ ಕಥೆಯ ಕಡೆ ಜನರನ್ನು ಸೆಳೆಯುವುದು ಸತ್ತವನಿಗೆ ಮಾಡುವ ಅನ್ಯಾಯ ಎಂದು ಆಕೆ ತಿಳಿದಿದ್ದಳು. ಬಚ್ಚಿಡಲೂ ಇಲ್ಲ, ಅವಸರಪಡಲೂ ಇಲ್ಲ. ಕಾಯುವವರ ಗುಣ ಇದು.

ಇಂದು ನಮ್ಮ ಕೈಯಲ್ಲಿರುವ ಫೋನಿಗೆ 36 ಚಿತ್ರಗಳ ಮಿತಿಯಿಲ್ಲ. ಆಸ್ಪತ್ರೆಯ ಮಂಚದ ಮೇಲೆ ಮಲಗಿದ ಅಜ್ಜಿಯ ಮುಖ ಅರೆಗಳಿಗೆಯಲ್ಲಿ ಊರಿಗೆಲ್ಲ ತಲುಪುತ್ತದೆ. ಗಂಡಹೆಂಡತಿಯ ಮುನಿಸು ಸಂಜೆಯೊಳಗೆ ನೆಂಟರ ಫೋನಿನಲ್ಲಿರುತ್ತದೆ. ಇದನ್ನೂ "ಹಂಚಿಕೊಳ್ಳುವುದು" ಎಂದೇ ಕರೆಯುತ್ತೇವೆ. ಆದರೆ ಹಂಚಿಕೊಳ್ಳುವವನು ಏನನ್ನಾದರೂ ಕೊಡುತ್ತಾನೆ. ಮೆರೆಸುವವನು ನೋಡುವವರಿಂದ ಹೊಗಳಿಕೆಯನ್ನೋ ಕನಿಕರವನ್ನೋ ಕೇಳುತ್ತಾನೆ. ನಾನು ಮಾಡುತ್ತಿರುವುದು ಯಾವುದು ಎಂದು ಗುಂಡಿ ಒತ್ತುವ ಮೊದಲು ಒಂದು ಕ್ಷಣ ಕೇಳಿಕೊಂಡರೆ ಎಷ್ಟೋ ಗೂಡುಗಳು ಉಳಿದಾವು.

ನಮ್ಮ ಮನೆಯ ಟ್ರಂಕು

"ನಾವೇನು ಸಾಹಿತಿಗಳೇ, ಕಲಾವಿದರೇ? ನಮ್ಮ ನೆನಪು ಯಾರಿಗೆ ಬೇಕು?" ಎಂದು ಕೇಳಬೇಡಿ. ನಮ್ಮ ಕಳಸ, ಮೂಡಿಗೆರೆಯ ಎಷ್ಟೋ ಮನೆಗಳಲ್ಲಿ ಹಳೆಯ ಮಳೆ ಪುಸ್ತಕಗಳಿವೆ. ದಿನದಿನವೂ ಬಿದ್ದ ಮಳೆಯನ್ನು ಇಂಚು, ಸೆಂಟ್ ಲೆಕ್ಕದಲ್ಲಿ ತಾತ ಬರೆದಿಟ್ಟದ್ದು, ಹೂಮಳೆ ಯಾವ ತಾರೀಕು ಬಂತು ಎಂದು ಗುರುತು ಹಾಕಿದ್ದು. ಅಂಚಿನಲ್ಲಿ ಎಲ್ಲೋ "ಮಗು ಹುಟ್ಟಿತು" ಎಂದು ಎರಡೇ ಪದ ಇರಬಹುದು. ಟ್ರಂಕಿನ ತಳದಲ್ಲಿ ಮದುವೆಯ ಕಪ್ಪುಬಿಳುಪು ಫೋಟೋ ಇದೆ. ಅದರಲ್ಲಿ ನಿಂತಿರುವ ಹದಿನೈದು ಜನರ ಹೆಸರು ಬಲ್ಲವರು ಈಗ ಅಜ್ಜಿ ಒಬ್ಬರೇ. ಅಜ್ಜಿ ಹೋದ ದಿನ ಆ ಹದಿನೈದು ಜನರೂ ಇನ್ನೊಮ್ಮೆ ಸಾಯುತ್ತಾರೆ. ಬೆಂಗಳೂರಿನಲ್ಲೋ ಹೊರದೇಶದಲ್ಲೋ ಇರುವ ಮೊಮ್ಮಕ್ಕಳಿಗೆ ಅದು ಹೆಸರಿಲ್ಲದವರ ಚಿತ್ರ.

ಆದ್ದರಿಂದ ಪ್ರಿಯ ದಂಪತಿಗಳೇ, ಇಬ್ಬರೂ ಇರುವಾಗಲೇ ಒಂದು ಭಾನುವಾರ ಸಂಜೆ ಟ್ರಂಕು ತೆರೆದು ಕೂತುಕೊಳ್ಳಿ. ಫೋಟೋದ ಹಿಂದೆ ಪೆನ್ಸಿಲಿನಲ್ಲಿ ಹೆಸರು, ಊರು, ವರ್ಷ ಬರೆಯಿರಿ. ಪತ್ರಗಳನ್ನು ಇಬ್ಬರೂ ಸೇರಿ ಓದಿ. ಮಕ್ಕಳಿಗೆ ಕೊಡುವುದು ಯಾವುದು, ನಮ್ಮಿಬ್ಬರೊಂದಿಗೇ ಹೋಗಬೇಕಾದದ್ದು ಯಾವುದು ಎಂದು ಮಾತಾಡಿಕೊಳ್ಳಿ. "ನಾನು ಹೋದ ಮೇಲೆ ನನ್ನ ವಿಷಯ ನೀನು ಏನು ಹೇಳುತ್ತೀಯ?" ಎಂದು ಒಬ್ಬರನ್ನೊಬ್ಬರು ಕೇಳಲು ಹಿಂಜರಿಯಬೇಡಿ. ಆ ಪ್ರಶ್ನೆಗೆ ಹೆದರದೆ ಉತ್ತರ ಕೊಡಬಲ್ಲ ಮನೆಯಲ್ಲಿ, ಉಳಿದವರಿಗೆ ಮುಂದೆ ಯಾವುದನ್ನು ಹೇಳಬೇಕು, ಯಾವುದನ್ನು ಬಿಡಬೇಕು ಎಂಬ ಗೊಂದಲ ಇರುವುದಿಲ್ಲ.